ಸಹಾಯ ಬೇಕು: ನಟರೇ ಹಾಡಿದ ರಂಗಗೀತೆಗಳ ಹಳೆಯ ಕ್ಯಾಸೆಟ್ ಯಾರ ಹತ್ತಿರ ಇದೆ?

ನಮಸ್ಕಾರ. ಪುಣೆಯ ಕೋಥ್ರೂಡ್‌ನಿಂದ ಬರೆಯುತ್ತಿದ್ದೇನೆ. ನಾಟಕದ ಹಾಡುಗಳನ್ನು ಆ ನಾಟಕದ ನಟರೇ ಹಾಡಿರುವ ರೆಕಾರ್ಡಿಂಗ್ ಹುಡುಕುತ್ತಿದ್ದೇನೆ.

ಮರಾಠಿಯವರಿಗೆ ಇದರಲ್ಲಿ ಕೊರತೆ ಇಲ್ಲ ಬಿಡಿ. 1967ರ ‘ಕಟ್ಯಾರ್ ಕಾಳಜಾತ್ ಘುಸಲಿ’ ನಾಟಕವನ್ನೇ ತಗೊಳ್ಳಿ. ಸಂಗೀತ ಜಿತೇಂದ್ರ ಅಭಿಷೇಕಿಯವರದು. ಖಾನ್‌ಸಾಹೇಬರ ಪಾತ್ರ ಮಾಡಿದ ವಸಂತರಾವ್ ದೇಶಪಾಂಡೆಯವರದೇ ದನಿ. ರಾಗದ ಸ್ವರಗಳನ್ನು ವೇಗವಾಗಿ ಓಡಿಸುವ ತಾನ್ ಹೊಡೆಯುವಾಗಲೂ ಆ ಪಾತ್ರದ ಸೊಕ್ಕು ಕೇಳಿಸುತ್ತದೆ!

ಕನ್ನಡದಲ್ಲಿ ನನಗೆ ಬೇಕಿರುವುದು ಬಿ.ವಿ. ಕಾರಂತರ ಸಂಗೀತದ ‘ಜೋಕುಮಾರಸ್ವಾಮಿ’, ‘ಹಯವದನ’, ಎಲ್ಲಕ್ಕಿಂತ ಜಾಸ್ತಿ ‘ಸತ್ತವರ ನೆರಳು’. ಶ್ರೀರಂಗರ ಈ ನಾಟಕದಲ್ಲಿ ಮಠದ ಒಳಗಿನ ಕಿತ್ತಾಟದ ನಡುವೆ ಮೇಳದವರು ದಾಸರ ಪದ ಎತ್ತಿಕೊಳ್ಳುತ್ತಾರೆ. ದೇವರ ಮನೆಯಲ್ಲಿ ಕೇಳಿದ ಅದೇ ಪದ ಇಲ್ಲಿ ಚುಚ್ಚುತ್ತದೆ. ಸ್ಟುಡಿಯೋದಲ್ಲಿ ಹೆಸರಾಂತ ಗಾಯಕರು ಹಾಡಿದ ರಂಗಗೀತೆಗಳು ಬೇಕಾದಷ್ಟು ಸಿಗುತ್ತವೆ. ಚೆನ್ನಾಗಿಯೂ ಇವೆ. ಆದರೆ ಇಸ್ತ್ರಿ ಹೊಡೆದ ಹಾಗೆ ಒಂದು ಸುಕ್ಕೂ ಇಲ್ಲ. ನನಗೆ ಬೇಕಿರುವುದು ಕುಣಿದು ಏದುಸಿರು ಬಿಡುತ್ತಾ ಹಾಡಿದ್ದು, ಹಾರ್ಮೋನಿಯಂ ತಿದಿಯ ಸದ್ದೂ ಬಿದ್ದಿರುವಂಥದ್ದು. ಸುಮ್ನೆ ಹಠ ಅಂದುಕೊಳ್ಳಿ, ಪರವಾಗಿಲ್ಲ.

ಮುಂಬೈನ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದ ವೇದಿಕೆಗಳಲ್ಲಿ ನಾಟಕ ಮಾಡಿದ ಹಿರಿಯರು ಇಲ್ಲಿ ಇರಬಹುದು ಅಲ್ವಾ? ಒಮ್ಮೆ ಅಟ್ಟದ ಡಬ್ಬ ತೆಗೆದು ನೋಡಿ. ರಿಹರ್ಸಲ್ ಟೇಪ್ ಆದರೂ ಸರಿ. ಬೂಷ್ಟು ಹಿಡಿದಿದ್ದರೆ ದಯವಿಟ್ಟು ಹಾಕಿ ಕೇಳಲು ಹೋಗಬೇಡಿ, ಟೇಪ್ ಹರಿಯಬಹುದು. ಕ್ಯಾಸೆಟ್ ಹಾಕುವ ಒಳ್ಳೆಯ ಡೆಕ್ ನನ್ನ ಹತ್ತಿರ ಇದೆ. ನಾನೇ ಬಂದು ತಗೊಂಡು, ಡಿಜಿಟಲ್ ಮಾಡಿ, ಕ್ಯಾಸೆಟ್ ಸಮೇತ ವಾಪಸ್ ತಲುಪಿಸುತ್ತೇನೆ. ಇದ್ದವರು ಇನ್‌ಬಾಕ್ಸ್‌ಗೆ ಒಂದು ಮೆಸೇಜ್ ಹಾಕಿ.