ಸಹಾಯ ಬೇಕು: ಕೋಳಿ ತೊಳೆಯಬೇಕಾ, ಬೇಡವಾ?

ನಮಸ್ಕಾರ. ವಿಜಯನಗರದಲ್ಲಿ ಸಣ್ಣ ಬಾಡಿಗೆ ಮನೆ, ಒಂದೇ ಸಿಂಕು, ಪಕ್ಕದಲ್ಲೇ ಪಾತ್ರೆ ಸ್ಟ್ಯಾಂಡ್. ಭಾನುವಾರ ಕೋಳಿ ತಂದರೆ ನಮ್ಮತ್ತೆ ಅರಿಶಿನ, ಉಪ್ಪು ಹಾಕಿ ನಲ್ಲಿ ಕೆಳಗೆ ಮೂರು ಸಲ ತೊಳೆಯುತ್ತಾರೆ. ನೀರು ಎಲ್ಲ ಕಡೆ ಸಿಡಿಯುತ್ತದೆ. ತೊಳೆದರೆ ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ) ಹೋಗಲ್ಲ, ಪಾತ್ರೆಗೆಲ್ಲ ಹರಡುತ್ತೆ, ಒಳಗಿನ ತನಕ 74 ಡಿಗ್ರಿ ಸೆಲ್ಸಿಯಸ್ ಆಗುವಂತೆ ಬೇಯಿಸಿದರೆ ಸಾಯುತ್ತೆ ಅಂದೆ. "ಹಾಗಾದ್ರೆ ಪುಕ್ಕ, ಮೂಳೆ ಚೂರು ತಿನ್ನೋಣ್ವಾ?" ಅಂದರು. ಅದೂ ನಿಜ ಅಲ್ವಾ! ಅಂಗಡಿಯವರು ಕತ್ತರಿಸಿ ಕೊಟ್ಟಿದ್ದರಲ್ಲಿ ಅವೆಲ್ಲ ಇದ್ದೇ ಇರುತ್ತವೆ.

ಕೋಳಿಗೆ ಬೇರೆ ಚಾಕು, ಮಣೆ ಇಟ್ಟಿದ್ದೇನೆ. ಕೈಯನ್ನೂ ಸೋಪು ಹಾಕಿಯೇ ತೊಳೆಯುತ್ತೇವೆ. ಈ ಸಿಂಕಿನದೇ ತಲೆನೋವು. ಪಾತ್ರೆಯಲ್ಲಿ ನೀರು ತುಂಬಿ ಅದರಲ್ಲೇ ಮೆಲ್ಲಗೆ ತೊಳೆದರೆ ಸಿಡಿಯುವುದು ಕಡಿಮೆಯಾದೀತಾ? ಇಲ್ಲ, ಒದ್ದೆ ಟಿಶ್ಯೂನಲ್ಲಿ ಒರೆಸುತ್ತೀರಾ? ಅತ್ತೆ ಒಪ್ಪುವಂಥ ಉಪಾಯ ಹೇಳಿ, ಪ್ಲೀಸ್.