ಮತ್ತೆ ಮಡಚಿಕೊಂಡ ಕಿರುಬೆರಳು: ಎರಡನೇ ಆಪರೇಷನ್‌ನ ಅಪಾಯಗಳು

ಪ್ರಶ್ನೆ:
ಡುಪ್ಯುಟ್ರೆನ್ ಕಾಂಟ್ರಾಕ್ಚರ್‌ಗೆ (ಅಂಗೈ ಚರ್ಮದಡಿಯ ಪೊರೆ ಹುರಿಯಂತೆ ಗಟ್ಟಿಯಾಗಿ ಬೆರಳನ್ನು ಮಡಚುವ ರೋಗ) ಒಮ್ಮೆ ಫ್ಯಾಸಿಯೆಕ್ಟಮಿ (ಆ ಹುರಿ ತೆಗೆಯುವ ಆಪರೇಷನ್) ಆಗಿದೆ. ಈಗ ಕಿರುಬೆರಳಿನ ನಡುಕೀಲು ಮತ್ತೆ 60 ಡಿಗ್ರಿ ಮಡಚಿ ನಿಂತಿದೆ, ಬೆರಳಿನ ಒಂದು ಪಕ್ಕ ಜೋಮು. ಮತ್ತೆ ಆಪರೇಷನ್ ಮಾಡಿದರೆ ಬೆರಳೇ ಹೋಗುವ ಸಾಧ್ಯತೆ ಇದೆಯೇ?

ಉತ್ತರ 1:
ಇದೆ. ಕಡಿಮೆ, ಆದರೆ ನಿಜ. ನರ, ಅಪಧಮನಿಗೆ ಪೆಟ್ಟಾಗುವುದು ಮೊದಲ ಸಲ ನೂರಕ್ಕೆ ಎರಡು-ಮೂರು ಮಂದಿಗೆ. ಮರುಕಳಿಸಿದ ಕೈಯಲ್ಲಿ ಸುಮಾರು ಹತ್ತು ಪಟ್ಟು. ಮೊದಲ ಸಲ ಹುರಿಯನ್ನೂ ನರವನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ಈಗ ಎಲ್ಲವೂ ಒಂದೇ ಬಿಳಿ ಗಟ್ಟಿ ಕಲೆಯೊಳಗೆ ಅಂಟಿಕೊಂಡಿರುತ್ತದೆ. ಜೊತೆಗೆ ನರವನ್ನು ಸುತ್ತಿಕೊಂಡ ಸುರುಳಿ ಹುರಿ ಇದ್ದರೆ, ಅದು ನರವನ್ನು ಬೆರಳಿನ ನಡುಗೆರೆಯತ್ತ, ಚರ್ಮದ ಅಡಿಗೇ ಎಳೆದು ತಂದಿರುತ್ತದೆ.

ನೀವು ಹೇಳಿದ ಜೋಮನ್ನು ಹಗುರವಾಗಿ ಬಿಡಬೇಡಿ. ಆ ಪಕ್ಕದ ನರ ಹಿಂದೆಯೇ ತುಂಡಾಗಿದ್ದರೆ ಜೊತೆಗಿರುವ ಅಪಧಮನಿಯೂ ಹೋಗಿರಬಹುದು. ಬೆರಳಿನ ಎರಡು ಪಕ್ಕದ ಅಪಧಮನಿಗಳಲ್ಲಿ ಒಂದೇ ಉಳಿದರೂ ಬೆರಳು ಬದುಕುತ್ತದೆ. ಉಳಿದದ್ದೂ ತುಂಡಾದರೆ ಕೊಳೆಯುತ್ತದೆ. ಆದ್ದರಿಂದ ಬೆರಳಿನ ಅಲೆನ್ ಪರೀಕ್ಷೆ ಮೊದಲೇ ಆಗಬೇಕು: ಬುಡದ ಎರಡೂ ಪಕ್ಕ ಒತ್ತಿ, ರಕ್ತ ಹಿಂಡಿ, ಒಂದೊಂದೇ ಪಕ್ಕ ಬಿಟ್ಟು ಕೆಂಪು ಮರಳುತ್ತದೆಯೇ ನೋಡುವುದು. ಅನುಮಾನವಿದ್ದರೆ ಡಾಪ್ಲರ್ (ಧ್ವನಿತರಂಗದಿಂದ ರಕ್ತದ ಹರಿವು ನೋಡುವ ಪರೀಕ್ಷೆ). ಎರಡು ಬಿಂದುಗಳ ಸ್ಪರ್ಶವನ್ನೂ, ಅಂದರೆ ಎಷ್ಟು ಹತ್ತಿರದ ಎರಡು ಮೊನೆಗಳು ಬೇರೆ ಬೇರೆಯಾಗಿ ತಿಳಿಯುತ್ತವೆ ಎಂಬುದನ್ನೂ, ಅಳೆದು ಬರೆದಿಡಬೇಕು. ತುದಿಯಲ್ಲಿ 6 ಮಿ.ಮೀ. ಒಳಗಿದ್ದರೆ ಸರಿ.

ಉತ್ತರ 2:
ನಾಳ ತುಂಡಾಗದೆಯೂ ಬೆರಳು ಬಿಳಿಚಿಕೊಳ್ಳಬಹುದು ಎಂಬುದನ್ನು ಸೇರಿಸುತ್ತೇನೆ. ವರ್ಷಗಟ್ಟಲೆ ಮಡಚಿದ ಬೆರಳಲ್ಲಿ ಅಪಧಮನಿಯೂ ಗಿಡ್ಡವಾಗಿರುತ್ತದೆ, ಒಮ್ಮೆಲೇ ನೆಟ್ಟಗೆ ಮಾಡಿದರೆ ಎಳೆತಕ್ಕೆ ಸಿಕ್ಕಿ ಮುಚ್ಚಿಕೊಳ್ಳಬಹುದು. ಹೊಲಿಗೆಗೆ ಮುನ್ನ ಟೂರ್ನಿಕೆ (ರಕ್ತ ತಡೆಯಲು ತೋಳಿಗೆ ಕಟ್ಟಿದ ಪಟ್ಟಿ) ಬಿಟ್ಟು ನೋಡುವುದು ಇದಕ್ಕೇ. ಬಣ್ಣ ಬರದಿದ್ದರೆ ಬೆರಳನ್ನು ಮತ್ತೆ ಮಡಚಿ, ಬೆಚ್ಚಗಿನ ಸಲೈನ್ ಹಾಕಿ, ನಾಳದ ಮೇಲೆ ಅದನ್ನು ಸಡಿಲಿಸುವ ಪಪಾವೆರಿನ್ ಇಲ್ಲವೇ ಲಿಗ್ನೊಕೇನ್ ಔಷಧ ಬಿಟ್ಟು 10-15 ನಿಮಿಷ ಕಾಯಬೇಕು. ಆಗಲೂ ಬಿಳಿಯೇ ಇದ್ದರೆ ಮೈಕ್ರೋಸ್ಕೋಪ್ ಕೆಳಗೆ ನಾಳ ಪರೀಕ್ಷಿಸಿ ರಿಪೇರಿ, ಅಗತ್ಯವಿದ್ದರೆ ಸಿರೆಯ ತುಂಡಿನ ಕಸಿ. ಆ ಸೌಲಭ್ಯವಿಲ್ಲದ ಕಡೆ ಈ ಆಪರೇಷನ್ ಶುರುವೇ ಮಾಡಬಾರದು.

ಕೊಯ್ಯುವಾಗ ನರವನ್ನು ಕಲೆಯ ನಡುವೆ ಹುಡುಕುವುದು ತಪ್ಪು. ಹಿಂದೆ ಕತ್ತರಿ ಸೋಕದ ಅಂಗೈಭಾಗದಲ್ಲಿ ಹಿಡಿದು, ಲೂಪ್ (ದೊಡ್ಡದಾಗಿ ಕಾಣಿಸುವ ಕನ್ನಡಕ) ಹಾಕಿಕೊಂಡು ಮುಂದಕ್ಕೆ ಬಿಡಿಸುತ್ತ ಹೋಗಬೇಕು. ನಡುಕೀಲನ್ನು ಪೂರ್ತಿ ನೆಟ್ಟಗೆ ಮಾಡಲೇಬೇಕೆಂಬ ಹಟವೂ ಬೇಡ. 20-30 ಡಿಗ್ರಿ ಉಳಿದರೂ ಕೈ ಕೆಲಸ ಮಾಡುತ್ತದೆ. ಮುಷ್ಟಿ ಕಟ್ಟಲಾಗದಷ್ಟು ಬಿಗಿತ ಬಂದರೆ ಅದು ಹಳೆಯ ಮಡಿಕೆಗಿಂತ ದೊಡ್ಡ ನಷ್ಟ.

ಉತ್ತರ 3:
ಯಾವ ಆಪರೇಷನ್ ಎಂಬುದರ ಮೇಲೂ ಅಪಾಯ ನಿಂತಿದೆ. ಸೂಜಿಯಿಂದ ಹುರಿ ಕಡಿಯುವುದು ಅಂಗೈಯಲ್ಲಿ ಸ್ಪಷ್ಟವಾಗಿ ಸಿಗುವ ಹುರಿಗೆ ಸರಿ, ಕಲೆಗಟ್ಟಿದ ಬೆರಳಿಗೆ ಬೇಡ. ಚರ್ಮವನ್ನೂ ಸೇರಿಸಿ ತೆಗೆದು ತೊಡೆಸಂದಿನ ಅಥವಾ ತೋಳಿನ ಒಳಬದಿಯ ಪೂರ್ಣದಪ್ಪದ ಚರ್ಮ ಕಸಿ ಮಾಡಿದರೆ ಆ ಜಾಗದಲ್ಲಿ ರೋಗ ಮರಳುವುದು ಕಡಿಮೆ. ಆದರೆ ಬೆತ್ತಲೆ ಸ್ನಾಯುರಜ್ಜುವಿನ ಮೇಲೆ ಕಸಿ ಹಿಡಿಯದು.

ಕೀಲೇ ಹಾಳಾಗಿದ್ದರೆ ಕಿರುಬೆರಳಿನ ನಡುಕೀಲನ್ನು ಸುಮಾರು 45-50 ಡಿಗ್ರಿಯಲ್ಲಿ ಬೆಸೆಯುವುದು ಒಳ್ಳೆಯ ದಾರಿ: ಮೂಳೆ ಸ್ವಲ್ಪ ಗಿಡ್ಡವಾಗುವುದರಿಂದ ನಾಳಗಳ ಮೇಲಿನ ಎಳೆತವೂ ಸಡಿಲವಾಗುತ್ತದೆ. ಸ್ಪರ್ಶವಿಲ್ಲದ, ರಕ್ತ ಸರಿಯಾಗಿ ಹರಿಯದ ಬೆರಳಾದರೆ ಬೆರಳು ತೆಗೆಯುವ ಆಯ್ಕೆಯನ್ನೂ ಮೊದಲೇ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ಬಾಯಿಬಿಟ್ಟು ಮಾತಾಡಿಕೊಳ್ಳಬೇಕು.