ಓದುಗರ ಸ್ಪಂದನ: ಕಾಲೇಜು ಪ್ರವೇಶಕ್ಕೆ ಯಾರನ್ನು ಕೇಳುವುದು?

ಕಳೆದ ಸಂಚಿಕೆಯ ಸಮಸ್ಯೆ: ಮಗಳು ಏಳನೆಯ ತರಗತಿಯವರೆಗೆ ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿಯೂ ಅನಂತರ ಹತ್ತರವರೆಗೆ ದಾವಣಗೆರೆಯಲ್ಲಿಯೂ ಕನ್ನಡ ಮಾಧ್ಯಮದಲ್ಲಿಯೇ ಓದಿದವಳು. ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ನಗರದ ಸಲಹಾ ಕೇಂದ್ರವೊಂದು, ಹಣ ಕೊಟ್ಟರೆ ಗ್ರಾಮೀಣ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಮಾಡಿಸಿಕೊಡುವುದಾಗಿ ಹೇಳುತ್ತಿದೆ. ನಾವು ಹೆಚ್ಚು ಓದಿದವರಲ್ಲ. ಯಾರ ಮಾತನ್ನು ನಂಬಬೇಕು?

ಮಾನ್ಯ ಸಹೋದರಿಯವರೇ,

ನೀವು ಬರೆದಿರುವ ವಿವರ ನಿಜವಾದರೆ, ನಿಮ್ಮ ಮಗಳಿಗೆ ಗ್ರಾಮೀಣ ಕೋಟಾ ಅನ್ವಯಿಸುವುದಿಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕೆಂಬುದು ಅದರ ನಿಯಮ. ಪ್ರೌಢಶಾಲೆ ದಾವಣಗೆರೆ ನಗರದಲ್ಲಾಗಿರುವುದರಿಂದ ಆ ದಾರಿ ಮುಚ್ಚಿದೆ. ಆದರೆ ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗಾಗಿ ಶೇ. 5ರಷ್ಟು ಸೀಟುಗಳಿವೆ, ಅದಕ್ಕೆ ಅವಳು ಅರ್ಹಳು. ಇರುವ ಸೌಲಭ್ಯವನ್ನು ಹೇಳದೆ ಇಲ್ಲದ ಸೌಲಭ್ಯಕ್ಕೆ ಹಣ ಕೇಳುವವರ ಬಳಿ ಎರಡನೆಯ ಬಾರಿ ಹೋಗಬೇಕಾದ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ.

ಸಿಇಟಿ ಅರ್ಜಿಯ ಪ್ರತಿಯನ್ನು ತೆಗೆದು, ಕನ್ನಡ ಮಾಧ್ಯಮದ ಮೀಸಲಾತಿಯನ್ನು ಕೋರಲಾಗಿದೆಯೇ ಎಂದು ಮೊದಲು ನೋಡಿ. ಕೋರಿರದಿದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ತಿದ್ದುಪಡಿಗೆ ಅವಕಾಶ ಕೊಡುವ ದಿನಗಳನ್ನು ತಪ್ಪಿಸಿಕೊಳ್ಳಬೇಡಿ. ಶಾಲೆಯ ಮುಖ್ಯೋಪಾಧ್ಯಾಯರು ಸಹಿ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಇದಕ್ಕೆ ಬೇಕು. ನಿಮ್ಮ ಮಗಳು ಎರಡು ತಾಲ್ಲೂಕುಗಳಲ್ಲಿ ಓದಿರುವುದರಿಂದ ಎರಡೂ ಕಡೆ ಓಡಾಡಬೇಕಾಗುತ್ತದೆ. ಸೀಟು ಹಂಚಿಕೆ ಶುರುವಾಗುವವರೆಗೆ ಕಾಯದೆ ಈಗಲೇ ಹೊರಡುವುದು ಒಳ್ಳೆಯದು. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ದೊರೆಯುತ್ತದೆ. ಅದರ ಮೇಲಿರುವ, ಆ ಪತ್ರವನ್ನು ಗುರುತಿಸುವ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ತುಂಬಿದ ಸಂಖ್ಯೆಗೆ ತಾಳೆಯಾಗಬೇಕು.

ಇನ್ನು ಯಾರನ್ನು ಕೇಳಬೇಕೆಂಬ ಪ್ರಶ್ನೆ. ನಿಮ್ಮ ಮಗಳು ಯಾವ ಕಾಲೇಜಿಗೆ ಸೇರಿದರೂ ತನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವವರನ್ನು ಕೇಳಿ. ಅವಳ ಪಿಯು ಕಾಲೇಜಿನ ಉಪನ್ಯಾಸಕರು ಅಂಥವರು. ಖಾಸಗಿ ಕಾಲೇಜುಗಳ ಪ್ರವೇಶ ವಿಭಾಗದವರೂ ಸಮಾಧಾನದಿಂದಲೇ ವಿವರಿಸುತ್ತಾರೆ, ಆದರೆ ತಮ್ಮ ಕಾಲೇಜಿನ ಸೀಟುಗಳನ್ನು ತುಂಬಿಸುವುದು ಅವರ ಕೆಲಸವೆಂಬುದನ್ನು ನೆನಪಿನಲ್ಲಿಟ್ಟು ಕೇಳಿಸಿಕೊಳ್ಳಿ. ಇವರೆಲ್ಲರ ಮಾತನ್ನೂ ಪ್ರಾಧಿಕಾರದ ಜಾಲತಾಣದಲ್ಲಿರುವ ಈ ವರ್ಷದ ಮಾಹಿತಿ ಪುಸ್ತಿಕೆಯೊಂದಿಗೆ ಹೋಲಿಸಿ ನೋಡಬೇಕು, ಏಕೆಂದರೆ ನಿಯಮಗಳು ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುತ್ತವೆ.
– ನಿವೃತ್ತ ಉಪನ್ಯಾಸಕರು, ಚಿತ್ರದುರ್ಗ

ಅಮ್ಮಾ, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಇಚ್ಛೆಯ ಕಾಲೇಜುಗಳನ್ನು ನಮೂದಿಸುವ ಆಪ್ಷನ್ ಎಂಟ್ರಿಯನ್ನೇ ಸಲಹಾ ಕೇಂದ್ರದವರು ದೊಡ್ಡ ವಿದ್ಯೆಯೆಂಬಂತೆ ತೋರಿಸುತ್ತಾರೆ. ಗಣಕಯಂತ್ರವು ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ, ಸಿಗಬಹುದಾದ ಮೊದಲ ಸೀಟನ್ನು ಕೊಡುತ್ತದೆ, ಅಷ್ಟೇ. ಆದ್ದರಿಂದ ಸಿಗುವುದು ಕಷ್ಟವೆನಿಸುವ ಕಾಲೇಜನ್ನು ಮೇಲೆ ಬರೆದ ಮಾತ್ರಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ನಿಜವಾಗಿ ಬೇಕಾದ ಕ್ರಮದಲ್ಲಿಯೇ ಬರೆಯಲಿ.

ಹಿಂದಿನ ವರ್ಷಗಳಲ್ಲಿ ಪ್ರತಿ ಕಾಲೇಜಿನ ಕೊನೆಯ ಸೀಟು ಸಿಕ್ಕ ರ‍್ಯಾಂಕುಗಳ ಪಟ್ಟಿ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ 2ಎಜಿ, 2ಎಆರ್, 2ಎಕೆ ಎಂದು ಕಂಡರೆ ಗಾಬರಿಯಾಗಬೇಡಿ. 2ಎ ಎಂಬುದು ಹಿಂದುಳಿದ ವರ್ಗಗಳ ಒಂದು ಪ್ರವರ್ಗ. ಪ್ರವರ್ಗದ ಮುಂದಿನ ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ, ಜಿ ಎಂದರೆ ಇವೆರಡೂ ಅಲ್ಲದ್ದು. ಯುಬಿಡಿಟಿ, ಬಿಐಇಟಿ ಮೊದಲಾದ ಇಲ್ಲಿಯ ಕಾಲೇಜುಗಳ ಕೆ ಸಾಲನ್ನು ನಿಮ್ಮ ಪ್ರವರ್ಗದಲ್ಲಿ ನೋಡಿ ಮಗಳ ರ‍್ಯಾಂಕಿನೊಂದಿಗೆ ಹೋಲಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯ ಫಲಿತಾಂಶ ಬಂದಾಗ ಅದನ್ನೇ ಅಂತಿಮವೆಂದು ತಿಳಿಯಬೇಡಿ. ಪಟ್ಟಿಯ ಕ್ರಮ ಬದಲಿಸಿಕೊಳ್ಳಲೆಂದೇ ಅದು ಇರುವುದು.

ನಿಜವಾದ ಹಂಚಿಕೆಯ ನಂತರ ಬರುವ ನಾಲ್ಕು ಆಯ್ಕೆಗಳಲ್ಲಿ ಎಚ್ಚರ ಬೇಕು. ಮೊದಲನೆಯದು ಸೀಟನ್ನು ಒಪ್ಪಿ ಕಾಲೇಜಿಗೆ ಸೇರುವುದು; ಎರಡನೆಯದು ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಹೋಗುವುದು; ಮೂರನೆಯದು ಈ ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು; ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡನೆಯದನ್ನು ಆರಿಸಿದವರಿಗೆ ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಸೀಟು ಸಿಕ್ಕರೆ ಹಿಂದಿನದು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಹಳೆಯದೇ ಬೇಕೆಂದರೆ ಬಾರದು.
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ನಿಮ್ಮ ತವರು ಹರಪನಹಳ್ಳಿಯ ಕಡೆಯದಾಗಿದ್ದರೆ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಇರುವ ಮೀಸಲಾತಿ ಸೌಲಭ್ಯ ಕೊಡಿಸುತ್ತೇವೆಂದು ಹೇಳುವವರೂ ಬರಬಹುದು. ಪಕ್ಕದ ತಾಲ್ಲೂಕಾದ ಹರಪನಹಳ್ಳಿಗೆ ಅದು ಇದೆ, ಜಗಳೂರಿಗೆ ಇಲ್ಲ. ಉಪವಿಭಾಗಾಧಿಕಾರಿಗಳು ಕೊಡುವ ಅರ್ಹತಾ ಪತ್ರವಿಲ್ಲದೆ ಅದನ್ನು ಕೋರಲು ಸಾಧ್ಯವಿಲ್ಲ.
– ಪೋಷಕರೊಬ್ಬರು, ಹರಪನಹಳ್ಳಿ

ನಾನು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುವವನು. ನಮ್ಮಂಥವರೆಲ್ಲ ಮೋಸಗಾರರಲ್ಲ ಎಂದು ಹೇಳಿಕೊಳ್ಳಲೇಬೇಕಾಗಿದೆ. ಟೈಪು ಮಾಡಿದ್ದಕ್ಕೆ, ಮುದ್ರಿಸಿದ್ದಕ್ಕೆ ನಾವು ಹಣ ಪಡೆಯುತ್ತೇವೆ, ಸೀಟಿಗಲ್ಲ. ಯಾರ ಬಳಿ ಹೋದರೂ ನೋಂದಣಿಗೆ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ, ಒಟಿಪಿಯನ್ನು ಮಗಳೇ ನಮೂದಿಸಲಿ, ಪಾಸ್‌ವರ್ಡನ್ನು ಅಂಗಡಿಯ ಪುಸ್ತಕದಲ್ಲಿ ಬರೆಸಬೇಡಿ. ತುಂಬಿದ ಪಟ್ಟಿಯನ್ನು ಉಳಿಸುವ ಮೊದಲು ಅವಳು ಪರದೆಯ ಮುಂದೆ ಕುಳಿತು ಓದಲಿ, ಮುದ್ರಿತ ಪ್ರತಿಯನ್ನು ಅಂದೇ ಕೇಳಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಇಟ್ಟು ಹೋಗಿ ಎಂದರೆ ಮಾತ್ರ ಎದ್ದು ಬನ್ನಿ. ಅರ್ಜಿ ತುಂಬಲು ನಕಲು ಪ್ರತಿಗಳೇ ಸಾಕು.
– ಸೇವಾ ಕೇಂದ್ರದ ಮಾಲೀಕರು, ಜಗಳೂರು